ಒಂದೇ ಮೆಟ್ಟಿಲಿನ ಸರ್ಕಾರಿ ವಸತಿ ಸಮುಚ್ಚಯ: ಬೆಂಕಿಯ ಸುರಕ್ಷತೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಮಾನ್ಯರೇ,

ಬೆಂಗಳೂರಿನ ಅಂಚಿನಲ್ಲಿ, ಕೊಳೆಗೇರಿ ನಿವಾಸಿಗಳಿಗಾಗಿ ಸರ್ಕಾರ ಕಟ್ಟಿಸಿಕೊಟ್ಟ ವಸತಿ ಸಮುಚ್ಚಯವೊಂದರಲ್ಲಿ ನಾವು ವಾಸವಾಗಿದ್ದೇವೆ. ನೆಲಮಹಡಿ, ಅದರ ಮೇಲೆ ಮೂರು ಮಹಡಿ. ಮಹಡಿಗೆ ಎಂಟರಂತೆ ಒಂದು ಬ್ಲಾಕಿಗೆ 32 ಮನೆಗಳು. ಹತ್ತಿ ಇಳಿಯಲು ಇರುವುದು ನಡುವಿನ ಒಂದೇ ಮೆಟ್ಟಿಲು. ಆ ಮೆಟ್ಟಿಲಿನ ಬುಡದಲ್ಲೇ ಎಲ್ಲ ಮನೆಗಳ ಮೀಟರ್ ಬೋರ್ಡ್ ಇದೆ, ಅದಕ್ಕೆ ಒರಗಿಕೊಂಡಂತೆ ರಾತ್ರಿ ದ್ವಿಚಕ್ರ ವಾಹನಗಳು ನಿಲ್ಲುತ್ತವೆ. ಈಗ ಬ್ಯಾಟರಿ ಗಾಡಿಗಳೂ ಬಂದಿವೆ. ಅವುಗಳ ಚಾರ್ಜಿಂಗ್ ವೈರು ಮೇಲಿನ ಮನೆಯ ಕಿಟಕಿಯಿಂದ ಹೊರಟು ಮೆಟ್ಟಿಲಿನ ಕಂಬಿಯನ್ನು ಸುತ್ತಿಕೊಂಡು ಕೆಳಗಿಳಿಯುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಹೊಲಿಗೆ ಕೆಲಸವನ್ನು ಮನೆಗೆ ತರುವವರು ನಮ್ಮಲ್ಲಿ ಹಲವರಿದ್ದಾರೆ. ಮನೆ ಚಿಕ್ಕದಾದ್ದರಿಂದ ಅವರ ಬಟ್ಟೆಗಂಟುಗಳು ಪ್ಯಾಸೇಜಿನಲ್ಲಿ ಇರುತ್ತವೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪೈಪು, ನಲ್ಲಿಗಳು ಕಳುವಾಗುತ್ತಿದ್ದುದರಿಂದ ಅದರ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಒಬ್ಬರ ಮನೆಯಲ್ಲಿ ಇಟ್ಟಿದ್ದೇವೆ.

ಈಚೆಗೆ ಒಂದು ರಾತ್ರಿ ಮೀಟರ್ ಬೋರ್ಡಿನಲ್ಲಿ ಕಿಡಿ ಹಾರಿ, ವೈರುಗಳು ಸುಟ್ಟು, ಮೆಟ್ಟಿಲಿನಲ್ಲಿ ಕಪ್ಪು ಹೊಗೆ ತುಂಬಿತು. ನೆಲಮಹಡಿಯ ಹುಡುಗರು ಮರಳು ಎರಚಿ ಆರಿಸಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮೇಲಿನವರು ಕೆಳಗೂ ಬರಲಾಗದೆ, ತಾರಸಿಗೂ ಹೋಗಲಾಗದೆ ನಡುವೆಯೇ ಸಿಕ್ಕಿಕೊಂಡಿದ್ದರು. ಅಂದಿನಿಂದ ಎಲ್ಲರಲ್ಲೂ ಭಯ ಕೂತಿದೆ. ಸಂಘದಲ್ಲಿ ಇರುವ ಹಣ ಬಹಳ ಸ್ವಲ್ಪ. ಪ್ರತಿ ಮಹಡಿಗೆ ಅಗ್ನಿಶಾಮಕ ಸಿಲಿಂಡರು, ಪ್ರತಿ ಮನೆಗೆ ಅಲಾರಂ ಎಂದು ವ್ಯಾಪಾರಿಯೊಬ್ಬರು ಕೊಟ್ಟ ಪಟ್ಟಿಯ ಮೊತ್ತ ನಮ್ಮ ಕೈಗೆ ಎಟುಕುವಂಥದ್ದಲ್ಲ. ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿದಾಗ, ಕಟ್ಟಡದ ಎತ್ತರ ಕಡಿಮೆ ಇರುವುದರಿಂದ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಬೇಕಾಗಿಲ್ಲ, ನಿರ್ವಹಣೆ ನಿಮ್ಮದು ಎಂದು ಹೇಳಿ ಕಳುಹಿಸಿದರು. ನಮ್ಮ ಹಕ್ಕುಪತ್ರಗಳಲ್ಲಿ ಮನೆಯ ಸಂಖ್ಯೆ ಇದೆ. ಮೆಟ್ಟಿಲು ಮತ್ತು ಮೀಟರ್ ಜಾಗ ಯಾರ ಹೊಣೆ ಎಂಬ ಮಾತಿಲ್ಲ.

ಇಷ್ಟು ಹಣದಲ್ಲಿ ಮೊದಲು ಏನು ಮಾಡಬೇಕು, ಯಾವ ಕೆಲಸವನ್ನು ಯಾರಿಂದ ಕೇಳಿ ಮಾಡಿಸಿಕೊಳ್ಳಬಹುದು ಎಂಬುದನ್ನು ತಿಳಿದವರು ಹೇಳಬೇಕಾಗಿ ಕೋರುತ್ತೇನೆ. ಇನ್ನೊಂದು ಸಂದೇಹವೂ ಇದೆ. ಬೆಂಕಿ ಬಿದ್ದಾಗ ಮನೆಯೊಳಗೇ ಬಾಗಿಲು ಹಾಕಿಕೊಂಡು ಇರಬೇಕು ಎಂದು ಕೆಲವರು, ತಕ್ಷಣ ಓಡಬೇಕು ಎಂದು ಕೆಲವರು ಹೇಳುತ್ತಿದ್ದಾರೆ. ನಮ್ಮಂಥ ಕಟ್ಟಡದಲ್ಲಿ ಯಾವುದು ಸರಿ?

ಉತ್ತರ 1: ನಿವೃತ್ತ ಅಗ್ನಿಶಾಮಕ ಅಧಿಕಾರಿ, ತುಮಕೂರು

ಕಾರ್ಯದರ್ಶಿಗಳೇ, ವ್ಯಾಪಾರಿಯ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ನೀವು ಬರೆದಿರುವ ಸಂಗತಿಗಳಲ್ಲಿ ಜೀವಕ್ಕೆ ಎರವಾಗುವುದು ಮೆಟ್ಟಿಲೊಂದೇ. ಉಳಿದದ್ದೆಲ್ಲ ಅದರ ನಂತರದ ಮಾತು. ಕೊಠಡಿಯೊಂದರಲ್ಲಿ ಹತ್ತಿಕೊಂಡ ಬೆಂಕಿ ಆ ಕೊಠಡಿಯನ್ನು ಸುಡುತ್ತದೆ, ಪಕ್ಕದ ಮನೆಯವರು ಹೊರಗೆ ಬರಲು ಸಮಯ ಸಿಗುತ್ತದೆ. ಮೆಟ್ಟಿಲಿನ ಬುಡದಲ್ಲಿ ಹತ್ತಿಕೊಂಡ ಬೆಂಕಿಯಾದರೋ ಮೇಲಿನ ಎಲ್ಲ ಮಹಡಿಗಳ ದಾರಿಯನ್ನು ಒಂದೇ ಏಟಿಗೆ ಮುಚ್ಚುತ್ತದೆ. ಬಿಸಿ ಹೊಗೆ ಮೇಲಕ್ಕೇ ಏರುವುದರಿಂದ ಮೆಟ್ಟಿಲಿನ ಗೂಡು ಚಿಮಣಿಯಂತೆ ಕೆಲಸ ಮಾಡುತ್ತದೆ; ತಾರಸಿಯ ಬಾಗಿಲು ಮುಚ್ಚಿದ್ದರೆ ಆ ಹೊಗೆ ಮೇಲಿನ ಮಹಡಿಯಲ್ಲಿ ಶೇಖರವಾಗಿ ಮೇಲಿನಿಂದ ಕೆಳಕ್ಕೆ ತುಂಬತೊಡಗುತ್ತದೆ. ರಬ್ಬರು, ಪ್ಲಾಸ್ಟಿಕ್ಕು, ಸೀಟಿನ ಸ್ಪಂಜು ಸುಟ್ಟ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅನೇಕ ವೇಳೆ ಸಯನೈಡ್ ಅನಿಲವೂ ಇರುತ್ತದೆ. ಬೆಂಕಿ ಅನಾಹುತಗಳಲ್ಲಿ ಸಾಯುವವರಲ್ಲಿ ಬಹಳಷ್ಟು ಮಂದಿ ಜ್ವಾಲೆ ತಮ್ಮ ಬಳಿಗೆ ಬರುವುದಕ್ಕೆ ಮೊದಲೇ ಈ ಹೊಗೆಗೆ ಬಲಿಯಾಗಿರುತ್ತಾರೆ.

ನಿಮ್ಮ ಕಟ್ಟಡವನ್ನು ಹೋಲುವ ಉದಾಹರಣೆ ಮುಂಬೈನಲ್ಲಿದೆ. ಗೋರೆಗಾಂವ್ ಪಶ್ಚಿಮದ ಜೈ ಭವಾನಿ ಕಟ್ಟಡವು ಕೊಳೆಗೇರಿ ಪುನರ್ವಸತಿ ಯೋಜನೆಯಡಿ ಕಟ್ಟಿದ ಕಟ್ಟಡ. 2023ರ ಅಕ್ಟೋಬರ್ 6ರ ನಸುಕಿನಲ್ಲಿ ಅದರ ನೆಲಮಟ್ಟದ ಪಾರ್ಕಿಂಗ್ ಜಾಗದಲ್ಲಿ ಬೆಂಕಿ ಎದ್ದಿತು. ಅಲ್ಲಿದ್ದದ್ದು ವಾಹನಗಳು ಮತ್ತು ಬಟ್ಟೆಚೂರುಗಳ ಗಂಟುಗಳು. ಮಲಗಿದ್ದ ಜನ ಎಚ್ಚರಗೊಳ್ಳುವಷ್ಟರಲ್ಲಿ ಹೊಗೆ ಮೇಲಿನ ಮಹಡಿಗಳಿಗೆ ತಲುಪಿತ್ತು. ಕನಿಷ್ಠ 7 ಮಂದಿ ಸತ್ತರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ವಾಹನ, ಬಟ್ಟೆ, ವೈರು, ಇಳಿಯುವ ದಾರಿಯಲ್ಲೇ ಬೆಂಕಿ: ನೀವು ಬರೆದಿರುವ ಪತ್ರದಲ್ಲಿಯೂ ಇವೇ ಇವೆ. ನಮ್ಮ ಬೆಂಗಳೂರಿನಲ್ಲಿಯೇ 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ತೀರಿಕೊಂಡರು. ಅದು ಕಚೇರಿಗಳ ಕಟ್ಟಡ, ಹಣವಂತರ ಜಾಗ. ಆದರೂ ಅಲ್ಲಿ ವಿದ್ಯುತ್ ಕೇಬಲ್ ಹಾದುಹೋಗುವ ಡಕ್ಟ್ ಮೂಲಕವೇ ಹೊಗೆ ಏರಿತು, ಹೊರದಾರಿಗಳಿಗೆ ಅಡೆತಡೆಗಳಿದ್ದವು, ಉಸಿರು ಕಟ್ಟಿದವರು ಕಿಟಕಿಯಿಂದ ಕೆಳಗೆ ಹಾರಿದರು.

ಆದ್ದರಿಂದ ಹಣವೇ ಬೇಡದ ಕೆಲಸಗಳಿಂದ ಆರಂಭಿಸಿ. ಮೆಟ್ಟಿಲಿನ ಕೆಳಗಿನಿಂದ ಎಲ್ಲ ವಾಹನಗಳನ್ನೂ ತೆಗೆಸಿ, ಕಾಂಪೌಂಡ್ ಗೋಡೆಯ ಪಕ್ಕ ನಿಲ್ಲಿಸಲು ಜಾಗ ಗುರುತಿಸಿ. ಇದು ಹೇಳಿದಷ್ಟು ಸುಲಭವಲ್ಲ ಎಂದು ನನಗೆ ಗೊತ್ತು; ಗಾಡಿ ಕಳುವಾದರೆ ಹೊಣೆ ಯಾರು ಎಂದು ಮೊದಲ ಸಭೆಯಲ್ಲೇ ಜಗಳವಾಗುತ್ತದೆ. ಸಿಲಿಂಡರಿಗೆ ಎಂದು ಇಟ್ಟ ಹಣದಲ್ಲಿ ಹೊರಗೆ ಒಂದು ದೀಪ, ನೆಲಕ್ಕೆ ಭದ್ರವಾಗಿ ಕೂರಿಸಿದ ಕಬ್ಬಿಣದ ಕಂಬಿ, ಅದಕ್ಕೆ ಸರಪಳಿ ಮಾಡಿಸಿಕೊಟ್ಟರೆ ಆ ಜಗಳ ಅರ್ಧ ಇಳಿಯುತ್ತದೆ. ಕಳ್ಳತನದ ಭಯವನ್ನು ಹಾಗೆಯೇ ಬಿಟ್ಟು ಬೆಂಕಿಯ ಭಯವನ್ನು ಮಾತ್ರ ಹೇಳಿದರೆ ಒಂದು ವಾರದೊಳಗೆ ಗಾಡಿಗಳು ಮತ್ತೆ ಒಳಗೆ ಬಂದಿರುತ್ತವೆ.

ತಾರಸಿಯ ಬಾಗಿಲಿನ ಬೀಗವನ್ನು ಇಂದೇ ತೆಗೆಯಿರಿ. ಅದರ ಬದಲು ಮೆಟ್ಟಿಲಿನ ಕಡೆಯಿಂದ ಬೀಗದ ಕೈ ಇಲ್ಲದೆ ಯಾರು ಬೇಕಾದರೂ ತೆಗೆಯಬಹುದಾದ ಅಗುಳಿ ಇರಲಿ. ಟ್ಯಾಂಕಿನ ನಲ್ಲಿಗಳನ್ನು ಕಾಪಾಡಬೇಕಿದ್ದರೆ ಟ್ಯಾಂಕಿನ ಸುತ್ತ ಜಾಲರಿ ಹಾಕಿಸಿ, ಬೀಗವನ್ನು ಆ ಜಾಲರಿಗೆ ಹಾಕಿ. ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ಗಾಳಿಗೆಂದು ಬಿಟ್ಟಿರುವ ಜಾಲಂಧ್ರಗಳಿಗೆ ಮಳೆ ಎರಚಲು ಬಾರದಿರಲಿ ಎಂದು ಪ್ಲಾಸ್ಟಿಕ್ ಹಾಳೆ ಅಥವಾ ತಗಡು ಹೊಡೆದಿದ್ದರೆ ಅದನ್ನು ಕಿತ್ತುಹಾಕಿ. ಹೊಗೆ ಹೊರಹೋಗಲು ಕಟ್ಟಿದವರು ಬಿಟ್ಟಿರುವ ದಾರಿ ಅದು. ಬಾಲ್ಕನಿ, ಕಿಟಕಿಗಳಿಗೆ ಬೆಸುಗೆ ಹಾಕಿಸಿರುವ ಗ್ರಿಲ್‌ಗಳಲ್ಲಿ ಒಂದು ಭಾಗವಾದರೂ ಒಳಗಿನಿಂದ ತೆರೆದುಕೊಳ್ಳುವಂತಿರಬೇಕು. ಗ್ರಿಲ್ಲಿನ ಆಚೆ ಜನ ಕಾಣುತ್ತಿದ್ದರೂ ಅವರನ್ನು ಹೊರತರಲಾಗದ ಪರಿಸ್ಥಿತಿಗಿಂತ ಕೆಟ್ಟದ್ದು ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ.

ನಿರಾಕ್ಷೇಪಣಾ ಪತ್ರದ ವಿಷಯದಲ್ಲಿ ಕಚೇರಿಯವರು ಹೇಳಿದ್ದು ಅರ್ಧ ಸರಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟದ್ದು ಎತ್ತರದ ಕಟ್ಟಡ; ನಿಮ್ಮದು ಸುಮಾರು 12 ಮೀಟರ್ ಇರಬಹುದು. ಹಾಗಿದ್ದರೂ ಹೊರಹೋಗುವ ದಾರಿ ಅಡೆತಡೆಯಿಲ್ಲದೆ ಇರಬೇಕೆಂಬ ಆ ಸಂಹಿತೆಯ ನಿಯಮ ಎತ್ತರ ನೋಡಿ ಅನ್ವಯವಾಗುವಂಥದ್ದಲ್ಲ. ಹತ್ತಿರದ ಅಗ್ನಿಶಾಮಕ ಠಾಣೆಗೆ ಸಂಘದ ಪತ್ರ ಕೊಟ್ಟು, ಒಮ್ಮೆ ಬಂದು ನೋಡಿ ಪ್ರಾತ್ಯಕ್ಷಿಕೆ ತೋರಿಸಬೇಕೆಂದು ಕೇಳಿ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರಲ್ಲಿ ಬೊಂಬಾಯಿ ಬಂದರಿನ ಸ್ಫೋಟದಲ್ಲಿ ಮಡಿದ ಸಿಬ್ಬಂದಿಯ ನೆನಪಿಗಾಗಿ ಆ ದಿನಗಳನ್ನು ಇರಿಸಿಕೊಂಡಿದ್ದೇವೆ. ಆಗ ಠಾಣೆಯವರೇ ಇಂಥ ಬಡಾವಣೆಗಳನ್ನು ಹುಡುಕಿಕೊಂಡು ಬರುತ್ತಾರೆ. ಅವರು ಬಂದಾಗ ವಾಹನ ನಿಮ್ಮ ಬ್ಲಾಕಿನ ಬಾಗಿಲವರೆಗೂ ಬರುತ್ತದೆಯೇ ಎಂಬುದನ್ನು ಚಾಲಕರಿಂದಲೇ ಪರೀಕ್ಷೆ ಮಾಡಿಸಿ. ಅಡ್ಡ ನಿಂತ ಒಂದು ಆಟೋದಿಂದ ಕಳೆದುಹೋಗುವ ನಿಮಿಷಗಳನ್ನು ಯಾವ ಸಿಲಿಂಡರೂ ತುಂಬಿಕೊಡುವುದಿಲ್ಲ.

ಉತ್ತರ 2: ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ

ಅಧಿಕಾರಿಗಳು ಹೇಳಿದ್ದಕ್ಕೆ ಮೀಟರ್ ಬೋರ್ಡಿನ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ನಿಮ್ಮಲ್ಲಿ ಈಗಾಗಲೇ ಒಮ್ಮೆ ಸುಟ್ಟಿದೆ ಮತ್ತು ಸುಟ್ಟ ಜಾಗವನ್ನು ಟೇಪು ಸುತ್ತಿ ಬಿಟ್ಟಿದ್ದರೆ ಅಲ್ಲಿಯೇ ಮತ್ತೆ ಸುಡುತ್ತದೆ. ಇಂಥ ಬೋರ್ಡುಗಳಲ್ಲಿ ಶಾರ್ಟ್ ಸರ್ಕ್ಯೂಟ್ ಎಂದು ಎಲ್ಲರೂ ಹೇಳುವುದು ಬಹಳ ಸಲ ಸಡಿಲವಾದ ಜೋಡಣೆಯೇ ಆಗಿರುತ್ತದೆ. ಸ್ಕ್ರೂ ಸಡಿಲವಾದಲ್ಲಿ ವಿದ್ಯುತ್ತು ಹರಿಯುವಾಗ ಬಿಸಿಯಾಗುತ್ತದೆ, ಬಿಸಿಯಾಗಿ ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೆ ಹೊದಿಕೆ ಕರಗಿ ಕಿಡಿ ಹಾರುತ್ತದೆ. ಅಲ್ಯೂಮಿನಿಯಂ ಕೇಬಲಿಗೆ ತಾಮ್ರದ ತಂತಿಯನ್ನು ಕೈಯಿಂದ ಹೊಸೆದು ಕಟ್ಟಿದ ಕಡೆ ಇದು ಬೇಗ ಆಗುತ್ತದೆ. ಮೂರು ಫೇಸಿನಿಂದ ಮನೆಗಳಿಗೆ ಹಂಚಿರುವ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲವಾದರೆ ಕೆಲವು ಮನೆಗಳಿಗೆ 230 ವೋಲ್ಟಿನ ಬದಲು ಬಹಳ ಹೆಚ್ಚಿನ ವೋಲ್ಟೇಜು ಹೋಗಿ ಟಿವಿ, ಫ್ರಿಜ್ಜು ಸುಡುತ್ತವೆ. ನಿಮ್ಮ ಘಟನೆಯ ಹಿಂದಿನ ದಿನಗಳಲ್ಲಿ ದೀಪಗಳು ಹೆಚ್ಚುಕಡಿಮೆ ಉರಿಯುತ್ತಿದ್ದವೇ ಎಂದು ನಿವಾಸಿಗಳನ್ನು ಕೇಳಿ ನೋಡಿ.

ಹೊಣೆಯ ಪ್ರಶ್ನೆಗೆ ಇಲ್ಲಿ ಒಂದು ಮಟ್ಟಿನ ಉತ್ತರ ಸಿಗುತ್ತದೆ. ಮೀಟರಿನವರೆಗೆ ಬರುವ ಸರ್ವಿಸ್ ತಂತಿ ವಿದ್ಯುತ್ ಸರಬರಾಜು ಕಂಪನಿಯ ಹೊಣೆ. ಮೀಟರಿನಿಂದಾಚೆಗಿನ ವೈರಿಂಗು ಬಳಕೆದಾರರ ಹೊಣೆ. ಆದ್ದರಿಂದ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆದು, ಉಪವಿಭಾಗದ ಕಚೇರಿಗೂ ಲಿಖಿತವಾಗಿ ದೂರು ಕೊಟ್ಟು, ಸರ್ವಿಸ್ ಕಡೆಯ ಜೋಡಣೆಗಳನ್ನು ಅವರಿಂದಲೇ ಸರಿಪಡಿಸಿಕೊಳ್ಳಿ. ಮೀಟರಿನಿಂದಾಚೆಗಿನದನ್ನು ಪರವಾನಗಿ ಇರುವವರಿಂದ ಮಾಡಿಸಿ. ಬೋರ್ಡು ಮರದ ಹಲಗೆಯ ಮೇಲಿದ್ದರೆ ಅದನ್ನು ಬದಲಿಸಿ ಬಾಗಿಲಿರುವ ಲೋಹದ ಪೆಟ್ಟಿಗೆಯೊಳಗೆ ತರುವುದು, ಮೇಲಕ್ಕೆ ವೈರುಗಳು ಹೋಗುವ ತೂತುಗಳನ್ನು ಗಾರೆಯಿಂದ ಮುಚ್ಚುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಬೋರ್ಡನ್ನೇ ಮೆಟ್ಟಿಲಿನಿಂದ ಹೊರಗೆ ಸ್ಥಳಾಂತರಿಸುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ ಅದು ಸಂಘದ ಹಣದಲ್ಲಿ ಆಗುವ ಮಾತಲ್ಲ. ಕಟ್ಟಿಸಿಕೊಟ್ಟ ಸಂಸ್ಥೆಯನ್ನೇ ಕೇಳಬೇಕು.

ಮನೆಯೊಳಗೆ ಹೇಳುವುದಾದರೆ, ಹಳೆಯ ಕಿಟ್‌ಕ್ಯಾಟ್ ಫ್ಯೂಸುಗಳಿಗೆ (ತಂತಿ ಕಟ್ಟಿ ಕೂರಿಸುವ ಪಿಂಗಾಣಿ ಫ್ಯೂಸುಗಳಿಗೆ) ದಪ್ಪ ತಂತಿ ಸುತ್ತುವ ಅಭ್ಯಾಸವನ್ನು ಮೊದಲು ನಿಲ್ಲಿಸಬೇಕು. ಒಂದು ಇಂಡಕ್ಷನ್ ಒಲೆ ಸುಮಾರು 2000 ವ್ಯಾಟ್, ಅಂದರೆ 9 ಆಂಪಿಯರಿನಷ್ಟು ಎಳೆಯುತ್ತದೆ. ನೀರು ಕಾಯಿಸುವ ಗೀಸರೂ ಅಷ್ಟೇ. ದೀಪ, ಫ್ಯಾನಿಗೆಂದು ಎಳೆದ ಸಣ್ಣ ವೈರಿನಲ್ಲಿ ಇವೆರಡೂ ಒಟ್ಟಿಗೆ ನಡೆದರೆ ಗೋಡೆಯೊಳಗಿನ ವೈರು ಬಿಸಿಯಾಗುತ್ತದೆ, ದಪ್ಪ ತಂತಿ ಸುತ್ತಿದ ಫ್ಯೂಸು ಹಾಗೆಯೇ ಇರುತ್ತದೆ. ಪ್ರತಿ ಮನೆಗೂ ಸರಿಯಾದ ಅಳತೆಯ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಆರುವ ಸ್ವಿಚ್ಚು) ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದರೆ ತಾನಾಗಿ ಆರುವ ಸ್ವಿಚ್ಚು) ಹಾಕಿಸುವುದಕ್ಕೆ ಅಲಾರಮ್ಮಿಗಿಂತ ಮೊದಲ ಸ್ಥಾನ ಕೊಡುತ್ತೇನೆ.

ಬ್ಯಾಟರಿ ಗಾಡಿಗಳ ವಿಷಯದಲ್ಲಿ ಸಂಘ ಗಟ್ಟಿಯಾಗಿ ನಿಲ್ಲಲೇಬೇಕು. ಲಿಥಿಯಂ ಬ್ಯಾಟರಿಯೊಂದು ಒಳಗಿನಿಂದ ಬಿಸಿಯಾಗಿ ಹತ್ತಿಕೊಂಡರೆ ಪುಡಿಯ ಸಿಲಿಂಡರಿನಿಂದ ಜ್ವಾಲೆ ಒಂದು ಕ್ಷಣ ಅಡಗಬಹುದು; ಒಳಗಿನ ಶಾಖ ಇಳಿಯದೆ ಅದು ಮತ್ತೆ ಹತ್ತಿಕೊಳ್ಳುತ್ತದೆ. ಹೊರಗೆ, ಕಾಂಪೌಂಡಿನ ಬಳಿ, ಮೇಲೆ ಚಿಕ್ಕ ತಗಡಿನ ಮಾಡು ಮಾಡಿ, ಪ್ರತ್ಯೇಕ ಎಂಸಿಬಿ, ಆರ್‌ಸಿಸಿಬಿ ಇರುವ ಎರಡು ಮೂರು ಪ್ಲಗ್ ಪಾಯಿಂಟುಗಳನ್ನು ಸಂಘದಿಂದಲೇ ಕೊಟ್ಟು ತಿಂಗಳಿಗೆ ಇಷ್ಟೆಂದು ವಸೂಲಿ ಮಾಡಿ. ತೆಗೆದು ಒಯ್ಯಬಹುದಾದ ಬ್ಯಾಟರಿ ಆಗಿದ್ದರೂ ಮನೆಯ ಹೊಸಿಲಿನ ಪಕ್ಕ ಇಟ್ಟು ರಾತ್ರಿಯಿಡೀ ಚಾರ್ಜ್ ಮಾಡುವುದು ಬೇಡ. ಅದು ಹತ್ತಿಕೊಂಡರೆ ಆ ಮನೆಯವರಿಗೆ ಹೊರಬರುವ ದಾರಿಯೇ ಇರುವುದಿಲ್ಲ.

ಅಡುಗೆ ಅನಿಲ ನನ್ನ ವಿಷಯವಲ್ಲವಾದರೂ ಒಂದು ಮಾತು. ಅದು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಟ್ಯೂಬಿನ ಮೇಲೆಯೇ ಅವಧಿ ಮುದ್ರಿಸಿರುತ್ತಾರೆ, ಓದುವವರು ಕಡಿಮೆ.

ಉತ್ತರ 3: ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗ

ಮನೆಯೊಳಗೆ ಇರಬೇಕೋ ಹೊರಗೆ ಓಡಬೇಕೋ ಎಂಬ ಪ್ರಶ್ನೆಗೆ ಇಲ್ಲಿಯ ಅನುಭವ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ನಾನು ಇರುವುದೂ ಕೌನ್ಸಿಲಿನ, ಅಂದರೆ ಸ್ಥಳೀಯ ಆಡಳಿತದ, ಬಾಡಿಗೆ ಮನೆಗಳ ಕಟ್ಟಡದಲ್ಲಿಯೇ. ಇಂಗ್ಲೆಂಡಿನಲ್ಲಿ ಇಂಥ ಬಹುಮಹಡಿ ಕಟ್ಟಡಗಳಲ್ಲಿ ಬಹುಕಾಲದಿಂದ ಇರುವ ಸೂಚನೆ, ಬೆಂಕಿ ನಿಮ್ಮ ಮನೆಯಲ್ಲಿ ಅಲ್ಲದಿದ್ದರೆ, ಹೊಗೆ ನಿಮಗೆ ತಟ್ಟದಿದ್ದರೆ ಒಳಗೇ ಇರಿ ಎಂಬುದು. ಪ್ರತಿ ಮನೆಯೂ ಕಾಂಕ್ರೀಟಿನ ಪೆಟ್ಟಿಗೆ, ಅದರ ಬಾಗಿಲು ಅರ್ಧ ಗಂಟೆಯಾದರೂ ಬೆಂಕಿಯನ್ನು ತಡೆಯುವಂಥದ್ದು, ತಾನಾಗಿಯೇ ಮುಚ್ಚಿಕೊಳ್ಳುವಂಥದ್ದು ಎಂಬ ನಂಬಿಕೆಯ ಮೇಲೆ ಆ ಸೂಚನೆ ನಿಂತಿದೆ. ನಂಬಿಕೆ ಸುಳ್ಳಾದ ಕಡೆ ಆ ಸೂಚನೆಯೇ ಜೀವಕ್ಕೆ ಮುಳುವಾಯಿತು.

2009ರ ಜುಲೈ 3ರಂದು ದಕ್ಷಿಣ ಲಂಡನ್ನಿನ ಲೆಕನಾಲ್ ಹೌಸ್ ಎಂಬ ಕೌನ್ಸಿಲ್ ಕಟ್ಟಡದಲ್ಲಿ 6 ಮಂದಿ ಸತ್ತರು, ಅವರಲ್ಲಿ 3 ಮಕ್ಕಳು. ಒಳಗೇ ಇರಿ ಎಂದು ಫೋನಿನಲ್ಲಿ ಹೇಳಿಸಿಕೊಂಡವರು ಅವರಲ್ಲಿದ್ದರು. ಅದರಿಂದ ಕಲಿಯಬೇಕಾದದ್ದನ್ನು ಕಲಿಯದೆ ಎಂಟು ವರ್ಷ ಕಳೆಯಿತು. 2017ರ ಜೂನ್ 14ರಂದು ಲಂಡನ್ನಿನಲ್ಲೇ 24 ಮಹಡಿಗಳ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡ ಹತ್ತಿಕೊಂಡಿತು. ನಾಲ್ಕನೆಯ ಮಹಡಿಯ ಅಡುಗೆಮನೆಯ ಫ್ರಿಜ್ಜಿನಲ್ಲಿ ಎದ್ದ ಬೆಂಕಿಯ ಬಗ್ಗೆ ಮೊದಲ ಕರೆ ಹೋದದ್ದು ರಾತ್ರಿ 12 ಗಂಟೆ 54 ನಿಮಿಷಕ್ಕೆ. ಒಂದು ವರ್ಷದ ಹಿಂದೆಯಷ್ಟೇ ಮುಗಿದಿದ್ದ ನವೀಕರಣದಲ್ಲಿ ಗೋಡೆಗಳ ಹೊರಗೆ ಹೊದಿಸಿದ್ದ ಅಲ್ಯೂಮಿನಿಯಂ ಫಲಕಗಳ ನಡುವೆ ಪಾಲಿಥೀನ್ ಇತ್ತು. ಬೆಂಕಿ ಕಿಟಕಿಯಿಂದ ಹೊರಬಂದು ಆ ಹೊದಿಕೆಯನ್ನು ಹಿಡಿದು ತುದಿಯವರೆಗೆ ಏರಿತು, ಕಿಟಕಿಗಳಿಂದ ಮತ್ತೆ ಒಳಹೊಕ್ಕಿತು. ಒಳಗೇ ಇರಿ ಎಂಬ ಸೂಚನೆಯನ್ನು ಹಿಂತೆಗೆದುಕೊಂಡದ್ದು ಸುಮಾರು ಎರಡು ಗಂಟೆಯ ನಂತರ. ಒಂದೇ ಮೆಟ್ಟಿಲಿದ್ದ ಆ ಕಟ್ಟಡದಲ್ಲಿ 72 ಮಂದಿ ತೀರಿಕೊಂಡರು.

ನಿಮ್ಮ ಕಟ್ಟಡಕ್ಕೆ ಅಂಥ ಹೊದಿಕೆ ಇಲ್ಲ, ಆದ್ದರಿಂದ ಎಲ್ಲರೂ ಹೆಚ್ಚಾಗಿ ಮಾತನಾಡುವ ಆ ಭಾಗ ನಿಮಗೆ ಬೇಡ. ನಿಮಗೆ ಬೇಕಾದದ್ದು ಬಾಗಿಲುಗಳ ಕಥೆ. ಗ್ರೆನ್‌ಫೆಲ್‌ನಲ್ಲಿ ಅನೇಕ ಮನೆಗಳ ಮುಂಬಾಗಿಲುಗಳ ತಾನಾಗಿ ಮುಚ್ಚುವ ಸಾಧನ ಕೆಟ್ಟಿತ್ತು ಅಥವಾ ಇರಲೇ ಇಲ್ಲ. ಜನ ಓಡುವಾಗ ಬಾಗಿಲು ತೆರೆದೇ ಉಳಿದು, ಉರಿಯುವ ಮನೆಯ ಹೊಗೆ ಮೆಟ್ಟಿಲಿನ ಮುಂದಿನ ಜಾಗಕ್ಕೆ ನುಗ್ಗಿತು. ಈಗ ಇಲ್ಲಿಯ ನಿಯಮದ ಪ್ರಕಾರ, 11 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಸಾಮಾನ್ಯ ಜಾಗದ ಅಗ್ನಿನಿರೋಧಕ ಬಾಗಿಲುಗಳನ್ನು ಮೂರು ತಿಂಗಳಿಗೊಮ್ಮೆ, ಮನೆಗಳ ಮುಂಬಾಗಿಲುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಬೆಲೆಬಾಳುವ ಬಾಗಿಲು ನಿಮ್ಮಲ್ಲಿ ಸಾಧ್ಯವಾಗದಿರಬಹುದು. ಹೊರಗೆ ಓಡುವಾಗ ಬೆಂಕಿ ಬಿದ್ದ ಮನೆಯ ಬಾಗಿಲನ್ನು ಎಳೆದು ಮುಚ್ಚಿ ಹೋಗುವ ರೂಢಿಗೆ ಮಾತ್ರ ಖರ್ಚಿಲ್ಲ. ಅದನ್ನು ಮಕ್ಕಳಿಗೂ ಕಲಿಸಬಹುದು.

ಹೊಣೆಯ ವಿಷಯವಾಗಿ ಇನ್ನೊಂದು ಸಂಗತಿ. ಗ್ರೆನ್‌ಫೆಲ್ ನಿವಾಸಿಗಳ ಗುಂಪೊಂದು ಆ ದುರಂತಕ್ಕೆ ಹಲವು ತಿಂಗಳ ಮುಂಚೆಯೇ, ದೊಡ್ಡ ಅನಾಹುತವಾಗುವವರೆಗೆ ಯಾರೂ ತಮ್ಮ ಮಾತು ಕೇಳುವುದಿಲ್ಲವೆಂದು ಬಹಿರಂಗವಾಗಿ ಬರೆದಿತ್ತು. ವಿಚಾರಣಾ ಸಮಿತಿಯ ಅಂತಿಮ ವರದಿ ಬಂದದ್ದು 2024ರ ಸೆಪ್ಟೆಂಬರ್ 4ರಂದು. ಆ ಸಾವುಗಳೆಲ್ಲವನ್ನೂ ತಪ್ಪಿಸಬಹುದಾಗಿತ್ತು ಎಂದು ಅಧ್ಯಕ್ಷರು ಹೇಳಿದರು. ನಿವಾಸಿಗಳು ಬರೆದಿಟ್ಟಿದ್ದ ದೂರುಗಳು ಆ ವಿಚಾರಣೆಗೆ ದಾಖಲೆಯಾಗಿ ಒದಗಿದವು. ನೀವು ಕಚೇರಿಯಲ್ಲಿ ಬಾಯಿಮಾತಿನಲ್ಲಿ ಕೇಳಿ ಬಾಯಿಮಾತಿನ ಉತ್ತರ ಪಡೆದು ಬಂದಿದ್ದೀರಿ. ಮುಂದಿನ ಸಲ ಲಿಖಿತವಾಗಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ತಾರಸಿಯ ಬೀಗ ತೆಗೆಯಿರಿ ಎಂದ ತುಮಕೂರಿನ ಅಧಿಕಾರಿಗಳ ಮಾತಿಗೆ ನನ್ನ ಆಕ್ಷೇಪವಿದೆ. ಗ್ರೆನ್‌ಫೆಲ್‌ನಲ್ಲಿ ಕೆಳಗಿನ ಹೊಗೆಗೆ ಹೆದರಿ ಮೇಲಕ್ಕೆ ಹೋದವರಲ್ಲಿ ಅನೇಕರು ತುದಿಯ ಮಹಡಿಯಲ್ಲಿಯೇ ಸತ್ತರು. ತಾರಸಿಗೆ ಹೋಗಿ ಎಂದು ಜನರಿಗೆ ಕಲಿಸುವುದು ಅಪಾಯವಲ್ಲವೇ?

ಕಾರ್ಯದರ್ಶಿಯ ಮರುಪ್ರಶ್ನೆ

ಮೂವರಿಗೂ ಸಂಘದ ಪರವಾಗಿ ಕೃತಜ್ಞತೆಗಳು. ಬೀಗವನ್ನು ತೆಗೆದು ಅಗುಳಿ ಹಾಕಿಸಲು ಒಪ್ಪಿಗೆ ಸಿಕ್ಕಿದೆ. ವಾಹನಗಳ ಬಗ್ಗೆ, ತಾವು ಊಹಿಸಿದಂತೆಯೇ, ಜಗಳ ನಡೆಯುತ್ತಿದೆ. ಬಟ್ಟೆಗಂಟುಗಳ ವಿಷಯದಲ್ಲಿ ನಾವು ಕಠಿಣವಾಗಲು ಹಿಂಜರಿಯುತ್ತಿದ್ದೇವೆ, ಏಕೆಂದರೆ ಅದು ಆ ಹೆಂಗಸರ ಅನ್ನದ ಪ್ರಶ್ನೆ. ಮೂರನೆಯ ಮಹಡಿಯಲ್ಲಿ ಪಾರ್ಶ್ವವಾಯು ಪೀಡಿತರಾದ ಹಿರಿಯರೊಬ್ಬರಿದ್ದಾರೆ. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಅಂಥವರನ್ನು ಹೇಗೆ ಕೆಳಗಿಳಿಸುವುದು? ತಾರಸಿಯ ಬಗ್ಗೆ ಎದ್ದಿರುವ ಆಕ್ಷೇಪಕ್ಕೂ ಅಧಿಕಾರಿಗಳು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 4: ನಿವೃತ್ತ ಅಗ್ನಿಶಾಮಕ ಅಧಿಕಾರಿ, ತುಮಕೂರು

ಲಂಡನ್ನಿನ ಮಿತ್ರರ ಆಕ್ಷೇಪ ನ್ಯಾಯವಾದದ್ದು. ಆದರೆ ಎರಡು ಕಟ್ಟಡಗಳ ನಡುವಿನ ಅಂತರವನ್ನು ನೋಡಬೇಕು. 67 ಮೀಟರ್ ಎತ್ತರದ, ಎಲ್ಲ ಕಡೆ ಮುಚ್ಚಿದ ಮೆಟ್ಟಿಲಿನ ಗೋಪುರದಲ್ಲಿ ಮೇಲೇರುವುದು ಹೊಗೆಯ ಜೊತೆಗೇ ಏರಿದಂತೆ. ನಿಮ್ಮದು ಜಾಲಂಧ್ರವಿರುವ ಮೆಟ್ಟಿಲು, ಮೇಲೆ ಬಯಲು ತಾರಸಿ, ಇಲಾಖೆಯ ಏಣಿಗೆ ಎಟುಕುವ ಎತ್ತರ. ಹಾಗಿದ್ದರೂ ತಾರಸಿಯೇ ಮೊದಲ ದಾರಿ ಎಂದು ನಾನು ಹೇಳಲಾರೆ. ಬೆಂಕಿ ನಿಮ್ಮ ಮನೆಯಲ್ಲಿ ಎದ್ದರೆ ಎಲ್ಲರನ್ನೂ ಕರೆದುಕೊಂಡು, ಬಾಗಿಲು ಮುಚ್ಚಿ ಕೆಳಗಿಳಿಯಿರಿ. ಬೇರೆಡೆ ಎದ್ದಿದ್ದು ಮೆಟ್ಟಿಲು ತಿಳಿಯಾಗಿದ್ದರೆ ಆಗಲೂ ಕೆಳಗೆ ಇಳಿಯುವುದೇ ಸರಿ. ಕೆಳಗಿನಿಂದ ಹೊಗೆ ಏರತೊಡಗಿದೆ, ಆದರೆ ನಿಮ್ಮ ಮಹಡಿಯಿಂದ ಮೇಲಕ್ಕೆ ಇನ್ನೂ ದಾರಿ ಕಾಣುತ್ತಿದೆ ಎಂದಾಗ ಮಾತ್ರ ತಾರಸಿ. ಬಾಗಿಲು ತೆರೆದೊಡನೆ ಹೊಗೆ ಮುಖಕ್ಕೆ ಬಡಿದರೆ ಮೇಲಕ್ಕೂ ಬೇಡ, ಕೆಳಕ್ಕೂ ಬೇಡ. ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಹೊರಗಿನ ಕಿಟಕಿ ತೆರೆದು ಬಾಗಿ ಕುಳಿತು, 101 ಅಥವಾ 112ಕ್ಕೆ ಕರೆ ಮಾಡಿ ಯಾವ ಬ್ಲಾಕು, ಯಾವ ಮಹಡಿ, ಎಷ್ಟು ಜನ ಎಂದು ಹೇಳಿ. ಹೊಗೆಯೊಳಗೆ ಹೊಕ್ಕು ಮೂರು ಮಹಡಿ ಇಳಿಯುತ್ತೇನೆಂದು ಹೊರಟವರು ಎರಡನೆಯ ಮಹಡಿಯಲ್ಲಿ ಬಿದ್ದಿರುವುದನ್ನು ನಾವು ನೋಡಿದ್ದೇವೆ.

ನಡೆಯಲಾಗದ ಹಿರಿಯರ ವಿಷಯ ಎಲ್ಲಕ್ಕಿಂತ ಗಂಭೀರವಾದದ್ದು. ಗ್ರೆನ್‌ಫೆಲ್‌ನಲ್ಲಿದ್ದ 37 ಅಂಗವಿಕಲ ನಿವಾಸಿಗಳಲ್ಲಿ 15 ಮಂದಿ ಸತ್ತರೆಂದು ಓದಿದ್ದೇನೆ. ನೆಲಮಹಡಿಯ ಕುಟುಂಬವೊಂದು ಒಪ್ಪುವುದಾದರೆ ಮನೆಗಳನ್ನು ಅದಲುಬದಲು ಮಾಡಿಕೊಳ್ಳುವುದಕ್ಕಿಂತ ಉತ್ತಮ ಪರಿಹಾರವಿಲ್ಲ. ಹಂಚಿಕೆಯ ನಿಯಮ ಅಡ್ಡ ಬರಬಹುದಾದ್ದರಿಂದ ಸಂಘದ ಠರಾವಿನ ಜೊತೆ ವೈದ್ಯರ ಪ್ರಮಾಣಪತ್ರ ಇಟ್ಟು ಮನೆ ಕಟ್ಟಿಸಿಕೊಟ್ಟ ಸಂಸ್ಥೆಯ ಅನುಮತಿ ಕೇಳಿ. ಅಲ್ಲಿಯವರೆಗೆ ಅದೇ ಮಹಡಿಯ ಗಟ್ಟಿಮುಟ್ಟಾದ ಇಬ್ಬರನ್ನು ಹೆಸರಿಸಿ ಗೊತ್ತುಪಡಿಸಿ, ದಪ್ಪ ಜಮಖಾನದ ಮೇಲೆ ಮಲಗಿಸಿ ನಾಲ್ಕು ಮೂಲೆ ಹಿಡಿದು ಮೆಟ್ಟಿಲು ಇಳಿಸುವುದನ್ನು ಠಾಣೆಯವರಿಂದ ಕಲಿತು, ಹಗಲಿನಲ್ಲಿ ಒಮ್ಮೆಯಾದರೂ ಮಾಡಿ ನೋಡಿ.

ಬಟ್ಟೆಗಂಟುಗಳನ್ನು ಪ್ಯಾಸೇಜಿನಿಂದ ತೆಗೆಸಲೇಬೇಕು, ಆದರೆ ಆ ಹೆಂಗಸರ ಮೇಲೆ ಭಾರ ಹೊರಿಸಿ ಅಲ್ಲ. ಸಮುದಾಯ ಭವನವೋ, ಅಂಗಡಿಗೆಂದು ಕಟ್ಟಿ ಖಾಲಿ ಬಿಟ್ಟಿರುವ ಕೋಣೆಯೋ ಇಂಥ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಗಂಟು ಇಡಲು ಕೊಡಿಸಿ. ಅಂದಿನ ಹೊಲಿಗೆಗೆ ಬೇಕಾದಷ್ಟನ್ನೇ ಮನೆಗೆ ಒಯ್ಯಲಿ.

ಇಷ್ಟಾದ ಮೇಲೆ ಹಣ ಉಳಿದರೆ ಮಹಡಿಗೊಂದು ಐಎಸ್‌ಐ ಗುರುತಿನ ಎಬಿಸಿ ಪುಡಿ ಸಿಲಿಂಡರು ತನ್ನಿ. ಅದರ ಪುಡಿ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಆದ್ದರಿಂದ ಬಳಸಲು ಕಲಿತ ಒಬ್ಬರಾದರೂ ಪ್ರತಿ ಮಹಡಿಯಲ್ಲಿ ಇರಬೇಕು. ತಿಂಗಳಿಗೊಮ್ಮೆ ಅದರ ಮುಳ್ಳು ಹಸಿರು ಗುರುತಿನಲ್ಲಿದೆಯೇ ಎಂದು ನೋಡಬೇಕು.

ಹೊಣೆ ಯಾರದ್ದು ಎಂಬುದನ್ನು ಕಾಗದದ ಮೂಲಕವೇ ಹೊರತೆಗೆಯಿರಿ. ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಬಡತನ ರೇಖೆಗಿಂತ ಕೆಳಗಿನವರ ಹೆಸರಿನಲ್ಲಿ ಹಾಕಿದರೆ ಆ ಶುಲ್ಕವೂ ಇಲ್ಲ. ಮಂಜೂರಾದ ಕಟ್ಟಡ ನಕ್ಷೆ, ವಿದ್ಯುತ್ ವಿನ್ಯಾಸದ ನಕ್ಷೆ, ಕಟ್ಟಡವನ್ನು ಸಂಘಕ್ಕೆ ಹಸ್ತಾಂತರಿಸಿದ ದಾಖಲೆ, ನಿರ್ವಹಣೆಯ ಆದೇಶ ಇವುಗಳ ದೃಢೀಕೃತ ಪ್ರತಿ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಹಸ್ತಾಂತರದ ದಾಖಲೆಯೇ ಇಲ್ಲ ಎಂಬ ಉತ್ತರ ಬಂದರೆ, ಅದನ್ನೇ ಲಗತ್ತಿಸಿ ಮೀಟರ್ ಬೋರ್ಡ್ ಸ್ಥಳಾಂತರಕ್ಕೆ ಬೇಡಿಕೆಪತ್ರ ಬರೆಯಿರಿ. ಅದರ ಪ್ರತಿಗಳನ್ನು ವಿದ್ಯುತ್ ಪರಿವೀಕ್ಷಣಾಲಯಕ್ಕೂ ಅಗ್ನಿಶಾಮಕ ಠಾಣೆಗೂ ಕಳುಹಿಸಿ. ಸುಟ್ಟ ಬೋರ್ಡಿನ ಚಿತ್ರಗಳನ್ನು ದಿನಾಂಕದೊಂದಿಗೆ ಅದಕ್ಕೆ ಸೇರಿಸಬೇಕು, ಹಾಗಾಗಿ ದುರಸ್ತಿಗೆ ಕೈಹಾಕುವ ಮೊದಲೇ ಅವುಗಳನ್ನು ತೆಗೆದಿಟ್ಟುಕೊಳ್ಳಿ.